ಮೂರು ಸಲ ತೊಳೆದ ಮೇಲೂ ತೀರದ ಸಂಶಯ

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಫಜ್ರ್ ನಮಾಝಿನ ಹೊತ್ತು. ಹದಿನೆಂಟರ ಹರೆಯದ ಮಗಳು ವುಝೂ ಮಾಡಲೆಂದು ಬಚ್ಚಲಿಗೆ ಹೋಗಿ ಮುಕ್ಕಾಲು ಗಂಟೆಯಾಗಿದೆ. ನಳ್ಳಿಯ ಸದ್ದು ಇನ್ನೂ ನಿಂತಿಲ್ಲ. ಕೊನೆಗೆ ಹೊರಬಂದವಳು ಮುಖವೆಲ್ಲ ಬಾಡಿಸಿಕೊಂಡು ತಾಯಿಯನ್ನು ಕೇಳುತ್ತಾಳೆ: "ಉಮ್ಮಾ, ಮೊಣಕೈ ಪೂರ್ತಿ ಒದ್ದೆಯಾಗಿದೆ ತಾನೇ?" ತಾಯಿ ಹೌದೆನ್ನುತ್ತಾಳೆ. ಮಗಳು ನಾಲ್ಕು ಹೆಜ್ಜೆ ಇಟ್ಟು ಮತ್ತೆ ತಿರುಗಿ ಬರುತ್ತಾಳೆ. ನಮಾಝಿಗೆ ನಿಂತರೆ ತಕ್ಬೀರ್ ಸರಿಯಾಯಿತೋ ಇಲ್ಲವೋ ಎಂಬ ಶಂಕೆ. ಕೈ ಕಟ್ಟುತ್ತಾಳೆ, ಬಿಡುತ್ತಾಳೆ, ಮತ್ತೆ ಕಟ್ಟುತ್ತಾಳೆ. ಅಷ್ಟರಲ್ಲಿ ಸೂರ್ಯ ಮೂಡಿರುತ್ತದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಜ್ಜಿಗೆ ಅದು ಭಯಭಕ್ತಿಯಾಗಿ ಕಾಣುತ್ತದೆ. ತಂದೆಗೆ ಖಾಲಿಯಾದ ಟ್ಯಾಂಕಿ ಕಾಣುತ್ತದೆ. ನೆರೆಯವರು ಜಿನ್ನಿನ ಉಪದ್ರವವೆಂದು ಪಿಸುಗುಟ್ಟುತ್ತಾರೆ. ದೊಡ್ಡಪ್ಪನ ಮಗ ನಾಲ್ಕು ಪುಸ್ತಕ ಓದಿದವನು, ಈಮಾನ್ ದುರ್ಬಲವಾದುದರಿಂದ ಹೀಗಾಗುತ್ತದೆಂದು ತೀರ್ಪು ಕೊಟ್ಟುಬಿಡುತ್ತಾನೆ. ಆ ಹುಡುಗಿಗೆ ಏನಾಗುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಅವಳು ಎಲ್ಲವನ್ನೂ ಹೇಳಲಾರಳು. ನಮಾಝಿನ ನಡುವೆ ಅಲ್ಲಾಹನ ಬಗ್ಗೆ ನಾಲಿಗೆಯ ಮೇಲೆ ತರಲಾಗದ ಯೋಚನೆಗಳು ನುಗ್ಗಿ ಬರುತ್ತವೆಂದು ಹೇಗೆ ತಾನೇ ಹೇಳುವುದು?

ಇದು ಕಲ್ಪಿತ ಮನೆ. ಆದರೆ ಇಂಥ ಮನೆಯನ್ನು ನೀವೂ ಬಲ್ಲಿರಿ.

ಅರಬಿಯಲ್ಲಿ ಇದಕ್ಕೆ 'ವಸ್‌ವಾಸ್' ಎನ್ನುತ್ತಾರೆ. ಕನ್ನಡದ ಮನೋವೈದ್ಯರು 'ಗೀಳು ರೋಗ' ಎನ್ನುತ್ತಾರೆ. ಎರಡೂ ಎಲ್ಲ ಕಡೆಯೂ ಒಂದೇ ಅಲ್ಲ. ಶೈತಾನನ ದುರ್ಬೋಧನೆ ಪ್ರತಿಯೊಬ್ಬನ ಮನಸ್ಸಿಗೂ ತಟ್ಟುತ್ತದೆ, ಆದರೆ ಪ್ರತಿಯೊಬ್ಬನೂ ರೋಗಿಯಲ್ಲ. ಯೋಚನೆ ಬೇಡವೆಂದರೂ ಮರುಕಳಿಸುತ್ತಾ, ಅದು ತರುವ ಆತಂಕವನ್ನು ತಣಿಸಲು ಒಂದು ಕ್ರಿಯೆಯನ್ನು ಮತ್ತೆ ಮತ್ತೆ ಮಾಡಲೇಬೇಕಾಗಿ ಬಂದು, ದಿನದ ಗಂಟೆಗಳನ್ನೇ ಅದು ನುಂಗತೊಡಗಿದಾಗ ವೈದ್ಯರು ಅದನ್ನು ರೋಗವೆನ್ನುತ್ತಾರೆ. ರೋಗಿ ಯಾವ ಸಮಾಜದಲ್ಲಿ ಬೆಳೆದನೋ ಆ ಸಮಾಜದ ಬಟ್ಟೆಯನ್ನೇ ಈ ರೋಗ ತೊಟ್ಟುಕೊಳ್ಳುತ್ತದೆ. ಈಜಿಪ್ಟಿನ ಮನೋವೈದ್ಯ ಅಹ್ಮದ್ ಉಕಾಶಾ ಮತ್ತು ಸಂಗಡಿಗರು 1994ರಲ್ಲಿ ಕೈರೋದ 90 ಮಂದಿ ಗೀಳು ರೋಗಿಗಳ ಬಗ್ಗೆ ಬರೆದಾಗ, ಧರ್ಮ ಮತ್ತು ಮಲಿನತೆಗೆ ಸಂಬಂಧಿಸಿದ ಗೀಳುಗಳೇ ಎಲ್ಲಕ್ಕಿಂತ ಮುಂದಿದ್ದವು. ಬೇರೆ ದೇಶದಲ್ಲಿ ರೋಗಾಣುವಿಗೆ ಹೆದರಿ ಕೈ ತೊಳೆಯುವವನು ನಮ್ಮಲ್ಲಿ ನಜಸ್‌ಗೆ ಹೆದರಿ ತೊಳೆಯುತ್ತಾನೆ. ನೀರು ಬೇರೆ, ನಡುಕ ಒಂದೇ.

ಈಗ ಒಂದು ಹದೀಸ್ ನೆನಪಿಸಿಕೊಳ್ಳಿ. ಸಹಾಬಿಗಳಲ್ಲಿ ಕೆಲವರು ಪ್ರವಾದಿವರ್ಯರ(ಸ) ಬಳಿಗೆ ಬಂದು, ಬಾಯಿಬಿಟ್ಟು ಹೇಳುವುದೇ ಮಹಾಪಾಪವೆಂದು ತೋರುವಂತಹ ಯೋಚನೆಗಳು ತಮ್ಮ ಮನಸ್ಸಿಗೆ ಬರುತ್ತವೆ ಎಂದು ತೋಡಿಕೊಂಡರು. ಪ್ರವಾದಿವರ್ಯರು(ಸ) ಅವರನ್ನು ಗದರಲಿಲ್ಲ. ಆ ಯೋಚನೆಗಳು ಏನೆಂದು ಕೆದಕಲೂ ಇಲ್ಲ. ಹಾಗೆ ಅನಿಸುವುದೇ ಸ್ಪಷ್ಟವಾದ ವಿಶ್ವಾಸದ ಗುರುತು ಎಂಬರ್ಥದ ಮಾತನ್ನು ಹೇಳಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಪ್ರಸಂಗವನ್ನು ನಾವು ಎಷ್ಟು ಸಲ ಕೇಳಿಲ್ಲ! ಆದರೂ ನಮ್ಮ ಮಕ್ಕಳಲ್ಲಿ ಒಬ್ಬರು ಅದೇ ಮಾತು ಹೇಳಿದರೆ ನಾವು ಬೆಚ್ಚಿಬೀಳುತ್ತೇವೆ.

1978ರಲ್ಲಿ ಲಂಡನಿನಲ್ಲಿ ರಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಾಲ್ ಡಿ ಸಿಲ್ವಾ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ಯಾವ ರೋಗವೂ ಇಲ್ಲದ ಸಾಮಾನ್ಯ ಜನರನ್ನು ವಿಚಾರಿಸಿದರು. ಹತ್ತರಲ್ಲಿ ಎಂಟು ಮಂದಿಗೆ ಬೇಡದ, ಅಸಹ್ಯವಾದ, ಕೆಲವೊಮ್ಮೆ ಕ್ರೂರವಾದ ಯೋಚನೆಗಳು ಬರುತ್ತಿದ್ದವು. ರೋಗಿಯ ಯೋಚನೆಗೂ ಆರೋಗ್ಯವಂತನ ಯೋಚನೆಗೂ ವಿಷಯದಲ್ಲಿ ಅಂತಹ ಅಂತರವಿರಲಿಲ್ಲ. ಆರೋಗ್ಯವಂತ ಅದನ್ನು ಕಸವೆಂದು ಬಿಟ್ಟುಬಿಡುತ್ತಾನೆ. ರೋಗಿ ಅದನ್ನು ಎತ್ತಿಕೊಂಡು, 'ಇಂಥದ್ದು ನನಗೆ ಹೊಳೆಯಿತೆಂದರೆ ನಾನು ಎಂಥವನು!' ಎಂದು ತನ್ನ ಮೇಲೆ ತಾನೇ ಮೊಕದ್ದಮೆ ಹೂಡುತ್ತಾನೆ. ಚಿಕಿತ್ಸೆ ಕೈ ಹಾಕುವುದು ಆ ಮೊಕದ್ದಮೆಗೆ.

ಆ ಚಿಕಿತ್ಸೆಯ ಹೆಸರು ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಕನ್ನಡದಲ್ಲಿ ಅರಿವು-ವರ್ತನೆಯ ಚಿಕಿತ್ಸೆ. ಅಮೇರಿಕದ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ (1921-2021) ಇದರ ಮುಖ್ಯ ರೂವಾರಿ. 1960ರ ದಶಕದ ಮೊದಲಲ್ಲಿ ಖಿನ್ನತೆಯ ರೋಗಿಗಳನ್ನು ನೋಡುತ್ತಿದ್ದಾಗ, ಅವರ ಮನಸ್ಸಿನಲ್ಲಿ ತಮಗರಿವಿಲ್ಲದೆಯೇ ಮಿಂಚಿ ಮಾಯವಾಗುವ ಯೋಚನೆಗಳನ್ನು ಆತ ಗಮನಿಸಿದರು. 'ನಾನು ಯಾವುದಕ್ಕೂ ಬಾರದವನು', 'ಇದು ಎಂದಿಗೂ ಸರಿಹೋಗದು' ಎಂಬಂಥವು. ಘಟನೆಗಿಂತ ಹೆಚ್ಚಾಗಿ ಘಟನೆಯ ಬಗ್ಗೆ ನಾವು ಮಾಡಿಕೊಳ್ಳುವ ಅರ್ಥವೇ ನಮ್ಮನ್ನು ಕುಗ್ಗಿಸುತ್ತದೆ. ಆ ಅರ್ಥವನ್ನು ಹೊರಗೆಳೆದು ಪರೀಕ್ಷಿಸಬಹುದು. ನಡೆನುಡಿಯಲ್ಲಿ ಸಣ್ಣ ಸಣ್ಣ ಬದಲಾವಣೆ ಮಾಡಿ ನೋಡಬಹುದು - ಇದಿಷ್ಟೇ ಅದರ ತಳಹದಿ. ಸಾಮಾನ್ಯವಾಗಿ ವಾರಕ್ಕೊಮ್ಮೆ ಒಂದು ಗಂಟೆಯ ಮಾತುಕತೆ, ಹತ್ತಿಪ್ಪತ್ತು ವಾರ, ಮನೆಯಲ್ಲಿ ಮಾಡಬೇಕಾದ ಅಭ್ಯಾಸ.

ಪಶ್ಚಿಮದಿಂದ ಬಂದದ್ದೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಅವರು ಅಬೂ ಝೈದ್ ಅಲ್ ಬಲ್ಖಿಯ ಬಗ್ಗೆ ಸ್ವಲ್ಪ ಕೇಳಬೇಕು. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಬಳಿಯ ಹಳ್ಳಿಯೊಂದರಲ್ಲಿ ಹಿಜರಿ 235ರಲ್ಲಿ ಹುಟ್ಟಿ, 322ರಲ್ಲಿ (ಕ್ರಿ.ಶ. 934) ತೀರಿಹೋದ ವಿದ್ವಾಂಸ ಇವರು. ಭೂಗೋಳದಲ್ಲೂ ದೊಡ್ಡ ಹೆಸರು. 'ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್' ಎಂಬ ಗ್ರಂಥದಲ್ಲಿ ಮೊದಲು ದೇಹದ ಆರೋಗ್ಯ, ಬಳಿಕ ಮನಸ್ಸಿನ ಆರೋಗ್ಯ. ವೈದ್ಯರೆಲ್ಲ ದೇಹವನ್ನೇ ನೋಡುತ್ತಾರೆ, ಮನಸ್ಸಿನ ಬೇನೆಯನ್ನು ಕಡೆಗಣಿಸುತ್ತಾರೆಂಬ ದೂರು ಸಾವಿರದ ನೂರು ವರ್ಷಗಳ ಹಿಂದೆಯೇ ಅವರದಾಗಿತ್ತು! ಕೋಪ, ಭಯ, ದುಃಖ, ವಸ್‌ವಾಸ್ - ಈ ನಾಲ್ಕನ್ನೂ ಬೇರೆ ಬೇರೆಯಾಗಿ ವಿವರಿಸಿದ್ದಾರೆ. ದುಃಖದಲ್ಲೂ ಎರಡು ಬಗೆ: ಪ್ರಿಯರ ಸಾವು ಅಥವಾ ನಷ್ಟದಂತಹ ಕಾರಣ ಗೊತ್ತಿರುವ ದುಃಖ, ಯಾವ ಕಾರಣವೂ ತಿಳಿಯದೆ ಆವರಿಸುವ, ದೇಹದಿಂದಲೇ ಹುಟ್ಟುವ ದುಃಖ. ಎರಡನೆಯದಕ್ಕೆ ದೇಹದ ಚಿಕಿತ್ಸೆಯೂ ಬೇಕು. ಮನೆಯಲ್ಲಿ ಆಕಸ್ಮಿಕಕ್ಕೆಂದು ಮದ್ದು ಇಟ್ಟುಕೊಳ್ಳುವಂತೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟುಕೊಂಡು ಸಂಕಟ ಬಂದಾಗ ಬಳಸಬೇಕು ಎಂದರು. ವಸ್‌ವಾಸ್‌ನಿಂದ ನರಳುವವನು ಒಂಟಿಯಾಗಿ ಕೂರಬಾರದು, ಸುಮ್ಮನಿರಬಾರದು ಎಂದೂ ಹೇಳಿದರು.

ಈ ಗ್ರಂಥದ ಹಸ್ತಪ್ರತಿ ಇಸ್ತಾಂಬುಲ್‌ನಲ್ಲಿ ಮಲಗಿತ್ತು. 1984ರಲ್ಲಿ ಫುವಾತ್ ಸೆಝ್ಗಿನ್ ಎಂಬ ವಿದ್ವಾಂಸರು ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಅದರ ಯಥಾಪ್ರತಿಯನ್ನು ಪ್ರಕಟಿಸಿದರು. ಸೂಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ (1932-2021) ಅದರ ಮನಸ್ಸಿನ ಭಾಗವನ್ನು ಇಂಗ್ಲಿಷಿಗೆ ತಂದು 2013ರಲ್ಲಿ ಪ್ರಕಟಿಸಿದರು. ನಮ್ಮ ಹಿರಿಯರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರೆಂದು ಎದೆಯುಬ್ಬಿಸಲು ಇದನ್ನು ಹೇಳುತ್ತಿಲ್ಲ. ಬಲ್ಖಿ ಬರೆದದ್ದನ್ನು ನಾವು ಶತಮಾನಗಳ ಕಾಲ ಓದದೆ ಬಿಟ್ಟೆವು. ಬೇರೆಯವರು ತಮ್ಮ ದಾರಿಯಲ್ಲಿ ಅಲ್ಲಿಗೆ ತಲುಪಿ, ರೋಗಿಗಳ ಮೇಲೆ ಪರೀಕ್ಷಿಸಿ ತೋರಿಸಿದರು. ಹೆಮ್ಮೆಪಡುವುದಕ್ಕಿಂತ ಕಲಿಯುವುದೇ ಇಲ್ಲಿ ಹೆಚ್ಚಿದೆ.

ಮತ್ತೆ ಆ ಹುಡುಗಿಯ ಬಳಿಗೆ ಬರೋಣ. ಗೀಳು ರೋಗಕ್ಕೆ ಹೆಚ್ಚು ಫಲಕಾರಿಯಾದ ಮಾತಿನ ಚಿಕಿತ್ಸೆಗೆ 1966ರಲ್ಲಿ ಲಂಡನಿನ ವಿಕ್ಟರ್ ಮೇಯರ್ ನಾಂದಿ ಹಾಡಿದರು. ಹೆದರಿಸುವುದರ ಎದುರು ನಿಲ್ಲುವುದು, ಆದರೆ ಆತಂಕ ಕಳೆಯಲು ಮಾಡುತ್ತಿದ್ದ ಕ್ರಿಯೆಯನ್ನು ಮಾಡದಿರುವುದು - ಇದೇ ಅದರ ತಿರುಳು. ಮೂರು ಸಲ ತೊಳೆದು ನಳ್ಳಿ ನಿಲ್ಲಿಸುವುದು. ಸಂಶಯ ಏಳುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಇನ್ನೊಮ್ಮೆ ತೊಳೆದರೆ ಸಾಕು ಎನಿಸುತ್ತದೆ. ತೊಳೆಯದೆ ಕೂತರೆ ಆತಂಕ ಏರಿ, ನಿಂತು, ತಾನಾಗಿಯೇ ಇಳಿಯುತ್ತದೆ. ಮೊದಲ ದಿನ ಅದಕ್ಕೆ ಒಂದು ಗಂಟೆ ಹಿಡಿದೀತು, ಹತ್ತನೆಯ ದಿನ ಕಾಲು ಗಂಟೆ. ಪ್ರತಿ ಸಲ ತೊಳೆದಾಗಲೂ ಮನಸ್ಸು ಕಲಿಯುವುದು 'ತೊಳೆದದ್ದರಿಂದ ಬದುಕಿದೆ' ಎಂಬ ಸುಳ್ಳು ಪಾಠವನ್ನು. ತೊಳೆಯದೆ ಕಾದಾಗ ಆ ಪಾಠ ಅಳಿಯುತ್ತದೆ. ಇದನ್ನು ಒತ್ತಾಯದಿಂದ ಮಾಡಿಸುವುದಿಲ್ಲ. ರೋಗಿಯೊಂದಿಗೆ ಕೂತು ಸುಲಭದ್ದರಿಂದ ಕಷ್ಟದ್ದಕ್ಕೆ ಮೆಟ್ಟಿಲು ಕಟ್ಟಿ, ಒಂದೊಂದಾಗಿ ಏರುತ್ತಾರೆ.

ಇಲ್ಲೇ ಒಂದು ಪ್ರಶ್ನೆ ಏಳುತ್ತದೆ. ವುಝೂ ಎಂದರೇನೆಂದೇ ತಿಳಿಯದ ಚಿಕಿತ್ಸಕನ ಮುಂದೆ ಈ ಹುಡುಗಿ ಕೂತರೆ ಏನಾದೀತು? ದಿನಕ್ಕೆ ಐದು ಸಲ ಕೈಕಾಲು ತೊಳೆಯುವುದೇ ಅತಿಯೆಂದು ಆತ ಭಾವಿಸಬಹುದು. ನಮಾಝನ್ನೇ ಸ್ವಲ್ಪ ದಿನ ಬಿಡು ಎನ್ನಬಹುದು. ಅವಳು ಎರಡನೆಯ ಬಾರಿಗೆ ಅಲ್ಲಿಗೆ ಹೋಗಲಾರಳು. ಇನ್ನೊಬ್ಬ ಚಿಕಿತ್ಸಕ ಧರ್ಮದ ಮಾತು ನಮಗೇಕೆಂದು ಮುಟ್ಟದೆಯೇ ಬಿಡಬಹುದು. ಆಗ ರೋಗವೂ ಹಾಗೆಯೇ ಉಳಿಯುತ್ತದೆ. ಬಲ್ಲವನು ಬೇರೆ ರೀತಿ ಮಾಡುತ್ತಾನೆ. ನಿಮ್ಮ ಧರ್ಮದಲ್ಲಿ ಇದಕ್ಕೆ ಮಿತಿ ಎಷ್ಟು ಎಂದು ಕೇಳುತ್ತಾನೆ.

ಮಿತಿ ಇದೆ, ಅದೂ ಎಷ್ಟು ಸ್ಪಷ್ಟವಾಗಿ! ಅಂಗಾಂಗಗಳನ್ನು ಮೂರಕ್ಕಿಂತ ಹೆಚ್ಚು ಸಲ ತೊಳೆಯುವುದು ಮೇರೆ ಮೀರುವುದೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಮುದ್ದ್ ಎಂದರೆ ಸಾಧಾರಣ ಮನುಷ್ಯನ ಎರಡು ಕೈ ಸೇರಿದ ಬೊಗಸೆಯಷ್ಟು, ಮುಕ್ಕಾಲು ಲೀಟರಿನ ಆಸುಪಾಸು. ನಿಮ್ಮ ಮನೆಯ ಚೊಂಬಿನಲ್ಲಿ ಅಳೆದು ನೋಡಿ. ರಕ್ಅತ್ ಮೂರೋ ನಾಲ್ಕೋ ಎಂಬ ಸಂಶಯ ಬಂದರೆ ಖಾತ್ರಿಯಿರುವ ಕಡಿಮೆ ಸಂಖ್ಯೆಯನ್ನು ಹಿಡಿದು ಮುಂದುವರಿಸಬೇಕು. ವುಝೂ ಮುರಿಯಿತೆಂಬ ಬರೀ ಶಂಕೆಯಿಂದ ನಮಾಝ್ ಬಿಡಬಾರದು. ಖಚಿತವಾದುದು ಸಂಶಯದಿಂದ ಅಳಿಯದು ಎಂಬುದನ್ನು ಫಿಕ್ಹ್‌ನ ಪಂಡಿತರು ಒಂದು ಮೂಲಸೂತ್ರವಾಗಿಯೇ ಮಾಡಿದ್ದಾರೆ. ಹಿಜರಿ 620ರಲ್ಲಿ ತೀರಿಹೋದ ಇಬ್ನು ಖುದಾಮಾ ವಸ್‌ವಾಸ್‌ಗೆ ಒಳಗಾದವರಿಗೆಂದೇ ಒಂದು ಕಿರುಗ್ರಂಥ ಬರೆದರು. ಮೂರು ಸಲಕ್ಕೆ ನಿಲ್ಲಿಸು ಎಂದು ಚಿಕಿತ್ಸಕ ಹೇಳಿದಾಗ ಹುಡುಗಿ ಸುನ್ನತ್‌ನಿಂದ ದೂರ ಹೋಗುತ್ತಿಲ್ಲ, ಅದರ ಕಡೆಗೆ ಮರಳುತ್ತಿದ್ದಾಳೆ. ಇದನ್ನು ಅವಳಿಗೆ ಮನಗಾಣಿಸಲು ಒಬ್ಬ ತಿಳಿದ ಆಲಿಮ್ ಬೇಕು. ಆಲಿಮ್ ಹೇಳಿದ್ದನ್ನು ದಿನವೂ ಅಭ್ಯಾಸ ಮಾಡಿಸಲು ಚಿಕಿತ್ಸಕ ಬೇಕು.

ಇಬ್ನುಲ್ ಜೌಝಿ ಒಂದು ಪ್ರಸಂಗ ಹೇಳುತ್ತಾರೆ. ನೀರಿನಲ್ಲಿ ಎಷ್ಟು ಸಲ ಮುಳುಗಿದರೂ ಸ್ನಾನ ಆಯಿತೋ ಇಲ್ಲವೋ ಎಂದು ಸಂಶಯಪಡುತ್ತಿದ್ದವನೊಬ್ಬ ಇಬ್ನು ಅಖೀಲ್‌ರ ಬಳಿ ಬಂದ. ನಿನಗೆ ನಮಾಝೇ ಕಡ್ಡಾಯವಲ್ಲ ಹೋಗು ಎಂದರಂತೆ ಅವರು. ಹುಚ್ಚನ ಮೇಲೆ ವಿಧಿಗಳಿಲ್ಲ, ಮುಳುಗಿಯೂ ಒದ್ದೆಯಾದೆನೋ ಎಂದು ಕೇಳುವವನು ಹುಚ್ಚನಲ್ಲದೆ ಇನ್ನೇನು ಎಂಬುದು ಅವರ ತರ್ಕ. ಮಾತು ಚತುರವಾಗಿದೆ. ಆದರೆ ಮನೆಯಲ್ಲಿ ನರಳುವ ಮಗುವಿನ ಮೇಲೆ ಅದನ್ನು ಪ್ರಯೋಗಿಸಬೇಡಿ. ಗೀಳು ರೋಗಿಗೆ ತನ್ನ ನಡತೆ ಅರ್ಥಹೀನವೆಂದು ಹೆಚ್ಚಾಗಿ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವಳು ಹುಚ್ಚಿಯಲ್ಲ. ಗೇಲಿ ಅವಳನ್ನು ಇನ್ನಷ್ಟು ಒಳಗೆ ತಳ್ಳುತ್ತದೆ.

ತಾಯಂದಿರಿಗೆ ಒಂದು ಕಷ್ಟದ ಮಾತು. "ಮೊಣಕೈ ಒದ್ದೆಯಾಗಿದೆ ತಾನೇ?" ಎಂದು ಮಗಳು ಕೇಳಿದಾಗ "ಆಗಿದೆ ಮಗಳೇ" ಎನ್ನುವುದು ಪ್ರೀತಿಯೇ. ಆದರೆ ಇಪ್ಪತ್ತನೆಯ ಬಾರಿ ಅದನ್ನೇ ಹೇಳುವಾಗ ನಿಮಗರಿವಿಲ್ಲದೆ ನೀವು ರೋಗಕ್ಕೆ ಉಣಬಡಿಸುತ್ತಿದ್ದೀರಿ. ನಿಮ್ಮ ಉತ್ತರವೂ ನಳ್ಳಿಯ ನೀರಿನಂತೆಯೇ. ಒಂದು ಗಳಿಗೆ ತಣಿಸಿ, ಮರುಗಳಿಗೆ ಮತ್ತೆ ಬೇಕೆನಿಸುತ್ತದೆ. ಚಿಕಿತ್ಸಕರು ಇದಕ್ಕಾಗಿಯೇ ಮನೆಯವರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ. ಥಟ್ಟನೆ ಉತ್ತರ ನಿಲ್ಲಿಸಿ ಮುಖ ತಿರುಗಿಸಬೇಡಿ. ಮಗಳೊಂದಿಗೆ ಮೊದಲೇ ಮಾತಾಡಿಕೊಂಡು, ಅವಳು ಕೇಳಿದಾಗ "ಇದು ಸಂಶಯ ಕೇಳಿಸುತ್ತಿರುವ ಪ್ರಶ್ನೆ, ನಾವಿಬ್ಬರೂ ಇದಕ್ಕೆ ಉತ್ತರ ಕೊಡುವುದಿಲ್ಲವೆಂದು ಮಾತಾಗಿದೆ, ಬಾ ನನ್ನ ಹತ್ತಿರ ಕೂತುಕೋ" ಎನ್ನಿ. ತಾಯಿಯ ಕರುಳಿಗೆ ಇದು ಸುಲಭವಲ್ಲ.

ಗೀಳು ರೋಗಕ್ಕೆ ಮಾತ್ರೆಗಳೂ ಇವೆ, ಹಲವರಿಗೆ ಎರಡೂ ಬೇಕಾಗುತ್ತವೆ. ಪರಿಣಾಮ ಕಾಣಲು ವಾರಗಳೇ ಹಿಡಿಯುತ್ತವೆ, ಹಾಗಾಗಿ ನಾಲ್ಕು ದಿನ ನುಂಗಿ ಬಿಟ್ಟುಬಿಡಬೇಡಿ. ರಮಝಾನ್ ಬಂತೆಂದು ತಾವೇ ಮಾತ್ರೆ ನಿಲ್ಲಿಸಬಾರದು. ಹೊತ್ತು ಬದಲಿಸಲಾಗುತ್ತದೋ ಎಂದು ತಿಂಗಳ ಮೊದಲೇ ವೈದ್ಯರನ್ನು ಕೇಳಿ. ಬೇರೆ ಮನೋರೋಗಕ್ಕೆ ಲಿಥಿಯಂ ತೆಗೆದುಕೊಳ್ಳುವವರು ಮೈಯ ನೀರು ಕಡಿಮೆಯಾದರೆ ಅಪಾಯಕ್ಕೆ ಸಿಲುಕಬಹುದು, ಅವರಂತೂ ಕೇಳದೆ ಉಪವಾಸ ಹಿಡಿಯಲೇಬಾರದು. ರೋಗಿಗೆ ರಿಯಾಯಿತಿ ಕೊಟ್ಟದ್ದು ಕುರ್‌ಆನೇ.

ಚಿಕಿತ್ಸೆಯನ್ನು ರೋಗಿಯ ಬಾಳಿಗೆ ಹೊಂದಿಸುವ ಈ ಪ್ರಶ್ನೆ ಈಗ ಹಲವು ದೇಶಗಳಲ್ಲಿ ಚರ್ಚೆಯಲ್ಲಿದೆ. ಬ್ರಿಟನ್ 2008ರಲ್ಲಿ ಸರಕಾರಿ ಆರೋಗ್ಯ ಸೇವೆಯಲ್ಲೇ ಮಾತಿನ ಚಿಕಿತ್ಸೆಯನ್ನು ಎಲ್ಲರಿಗೂ ತೆರೆದಿಟ್ಟಿತು. ಬಾಗಿಲು ತೆರೆದಿದ್ದರೂ ಎಲ್ಲರಿಗೂ ಒಂದೇ ಫಲ ಸಿಗಲಿಲ್ಲ. ಅಲ್ಪಸಂಖ್ಯಾತರು ಬರುವುದೂ ಕಡಿಮೆ, ಬಂದವರಿಗೆ ಗುಣವಾಗುವುದೂ ಕಡಿಮೆ ಎಂಬುದು ಅಂಕಿಅಂಶಗಳಲ್ಲೇ ಕಂಡಿತು. ಭಾಷೆಯೇ ಮೊದಲ ತೊಡಕು. ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿ ನೆಲೆಸಿದ್ದ ಪಂಜಾಬಿಗಳು ತಮ್ಮ ಸಂಕಟವನ್ನು ಎದೆ ಮುಳುಗುತ್ತಿದೆ ಎಂದು ಹೇಳುತ್ತಿದ್ದುದನ್ನು ಕ್ರೌಸ್ ಎಂಬ ಸಂಶೋಧಕಿ 1989ರಲ್ಲಿ ಬರೆದರು. ನಮ್ಮಲ್ಲಿ ಖಿನ್ನತೆ ಎಂಬ ಪದ ಬಳಸುವವರೆಷ್ಟು ಮಂದಿ? 'ಎದೆ ಭಾರ', 'ಮೈಕೈ ನೋವು', 'ಯಾವುದೂ ಬೇಡ ಅನಿಸುತ್ತದೆ', 'ದಿಲ್ ಘಬರಾತಾ ಹೈ'. ಇದನ್ನು ಕೇಳಿ ಬರೀ ನೋವಿನ ಮಾತ್ರೆ ಬರೆದುಕೊಡುವ ವೈದ್ಯ ರೋಗವನ್ನು ಕಾಣಲಿಲ್ಲ ಎಂದೇ ಅರ್ಥ.

ಬ್ರಿಟನಿನ ಲೀಡ್ಸ್ ವಿಶ್ವವಿದ್ಯಾಲಯದ ಗಝಾಲಾ ಮೀರ್ ಮತ್ತು ಸಂಗಡಿಗರು ಖಿನ್ನತೆಯ ಚಿಕಿತ್ಸೆಯೊಂದನ್ನು ಮುಸ್ಲಿಮ್ ರೋಗಿಗಳಿಗಾಗಿ ಹೊಂದಿಸಿದರು. ಬಾಳಿನಲ್ಲಿ ನಿನಗೆ ಮುಖ್ಯವಾದದ್ದು ಯಾವುದು ಎಂದು ಮೊದಲು ಕೇಳುವುದು. ಧರ್ಮವೆಂದು ರೋಗಿಯೇ ಹೇಳಿದರೆ, ಭರವಸೆಯ ಬೋಧನೆಗಳಿರುವ ಪುಸ್ತಿಕೆಯೊಂದನ್ನು ಕೊಡುವುದು. ಇಲ್ಲಿ ರೋಗಿಯೇ ಹೇಳಿದರೆ ಎಂಬ ಮಾತನ್ನು ಗಮನಿಸಿ. ಹೆಸರು ಮುಸ್ಲಿಮರದೆಂದು ಎಲ್ಲರ ಕೈಗೂ ಅದನ್ನು ತುರುಕುವುದಿಲ್ಲ.

ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಡೆದದ್ದು ಇನ್ನೂ ಹತ್ತಿರದ್ದು. ಅಲ್ಲಿ ಬಸುರಿಯರ ಖಿನ್ನತೆಗೆ ಚಿಕಿತ್ಸೆ ಕೊಡಲು ಮನೋವೈದ್ಯರಿರಲಿಲ್ಲ. ಆತಿಫ್ ರಹ್ಮಾನ್ ಮತ್ತು ಸಂಗಡಿಗರು ಅರಿವು-ವರ್ತನೆಯ ಚಿಕಿತ್ಸೆಯನ್ನು ಸರಳಗೊಳಿಸಿ, ನಮ್ಮ ಆಶಾ ಕಾರ್ಯಕರ್ತೆಯರಂತಹ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸಿದರು. ನೀನು ಮನೋರೋಗಿ ಎಂದು ಯಾರಿಗೂ ಹೇಳಲಿಲ್ಲ. ಮಾತೆಲ್ಲ ಹುಟ್ಟುವ ಮಗುವಿನ ಆರೋಗ್ಯದ ಸುತ್ತ. ಅತ್ತೆಯನ್ನು ಹೊರಗಿಡದೆ ಜೊತೆಗೆ ಸೇರಿಸಿಕೊಂಡರು. 2008ರಲ್ಲಿ ಫಲಿತಾಂಶ ಹೊರಬಂತು: ಮಗುವಿಗೆ ಆರು ತಿಂಗಳಾದಾಗ ಈ ನೆರವು ಪಡೆದ ತಾಯಂದಿರಲ್ಲಿ ಶೇ. 23 ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು, ಪಡೆಯದವರಲ್ಲಿ ಶೇ. 53. ಬಳಿಕ ವಿಶ್ವ ಆರೋಗ್ಯ ಸಂಸ್ಥೆಯೇ ಈ ವಿಧಾನವನ್ನು ಜಗತ್ತಿಗೆ ಹಂಚಿತು. ಸೊಸೆ ಮೂಲೆ ಹಿಡಿದು ಕೂತರೆ 'ಸೋಮಾರಿ' ಎನ್ನುವ ನಮ್ಮ ಮನೆಗಳು ಈ ಎರಡು ಅಂಕಿಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಲ್ಲ.

ಅಂದಹಾಗೆ, ಕುಟುಂಬವನ್ನು ಚಿಕಿತ್ಸೆಯೊಳಗೆ ತರುವುದು ನಮ್ಮ ದೇಶಕ್ಕೂ ಹೊಸದಲ್ಲ. 1950ರ ದಶಕದಲ್ಲೇ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿ ಜೊತೆಗಿರಿಸಿದ್ದರು.

ಇನ್ನು ನಮ್ಮ ಕಡೆಯ ಕಹಿ ಸತ್ಯ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಊರಿನಲ್ಲಿ ನಡೆಯುತ್ತಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದ ಮನೋರೋಗಿಗಳನ್ನು ಸಂಕೋಲೆಯಿಂದ ಬಿಗಿಯಲಾಗಿತ್ತು. ಓಡಲಾಗದೆ 28 ಮಂದಿ ಸುಟ್ಟು ಸತ್ತರು. ಅವರನ್ನು ಅಲ್ಲಿಗೆ ತಂದು ಬಿಟ್ಟವರು ಶತ್ರುಗಳಲ್ಲ, ಬೇರೆ ದಾರಿ ಕಾಣದ ಮನೆಯವರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ರೋಗಿಯನ್ನು ಯಾವ ರೀತಿಯಲ್ಲೂ ಸಂಕೋಲೆಗೆ ಹಾಕುವುದನ್ನು ನಿಷೇಧಿಸಿದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ಬೇರೊಂದು ದಾರಿ ಹುಡುಕಿದರು: ಪ್ರಾರ್ಥನೆಗೆ ಬಂದವರನ್ನು ಮುಜಾವರರೇ ಆವರಣದಲ್ಲಿನ ಮನೋವೈದ್ಯರ ಬಳಿ ಕಳಿಸುವ 'ದವಾ-ದುಆ' ಕಾರ್ಯಕ್ರಮ. ದರ್ಗಾ ಸಂಪ್ರದಾಯದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ರೋಗಿ ಇರುವಲ್ಲಿಗೆ ವೈದ್ಯ ಹೋದದ್ದು ಸರಿಯಾದ ಕೆಲಸ. ಪ್ರತಿ ರೋಗಕ್ಕೂ ಮದ್ದಿದೆ, ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿವರ್ಯರು(ಸ) ಬೋಧಿಸುವಾಗ ಮನಸ್ಸಿನ ರೋಗವನ್ನು ಹೊರತುಪಡಿಸಲಿಲ್ಲ. ಮಗನಿಗಾಗಿ ಅತ್ತು ಅತ್ತು ಯಾಕೂಬರ(ಅ) ಕಣ್ಣು ಬೆಳ್ಳಗಾದುದನ್ನು ಕುರ್‌ಆನ್ ಹೇಳುತ್ತದೆ. ಅವರ ಈಮಾನ್ ದುರ್ಬಲವಾಗಿತ್ತೆಂದು ಹೇಳುವ ಧೈರ್ಯ ಯಾರಿಗಿದೆ?

ಎಲ್ಲಿಗೆ ಹೋಗುವುದು ಎಂದು ಕೇಳುತ್ತೀರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಾಯಲ್ಲಿ ಬಂದರೆ, ಇಲ್ಲದ ದನಿ ಕೇಳಿಸತೊಡಗಿದರೆ ನಾಳೆಗೆಂದು ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಹೋಗುವ ಮೊದಲು ಮಗಳನ್ನು ಕರೆದುಕೊಂಡು ನಿಮ್ಮ ಖತೀಬರ ಅಥವಾ ನೀವು ನಂಬುವ ಆಲಿಮರ ಬಳಿ ಒಮ್ಮೆ ಕೂತುಕೊಳ್ಳಿ. ವುಝೂ ಎಷ್ಟು ಸಲ, ಎಷ್ಟು ನೀರು, ಸಂಶಯ ಬಂದರೆ ಏನು - ಇವಕ್ಕೆ ಉತ್ತರವನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಆ ಹಾಳೆಯನ್ನು ಚಿಕಿತ್ಸಕರಿಗೆ ಕೊಡಿ. ಎರಡನೆಯ ಬಾರಿ ಫತ್ವಾ ಕೇಳಲು ಹೋಗುವುದು ಬೇಡ. ಮಗಳು ಫೋನು ಮಾಡಿ ಮತ್ತೆ ಅದನ್ನೇ ಕೇಳಿದರೆ ಹಾಳೆಯಲ್ಲಿ ಬರೆದಿದೆ ಎಂದಷ್ಟೇ ಹೇಳಬೇಕೆಂದು ಅವರಿಗೂ ಮೊದಲೇ ತಿಳಿಸಿಡಿ.